ಜರಗ್ರಿ ಸ್ವಲ್ಪ

ಜರುಗು ಎಂಬ ಪದವನ್ನು ನಾನು ಕಲಿತದ್ದು ಆಮಂತ್ರಣ ಪತ್ರಿಕೆಗಳಿಂದ. ಡೊಂಬಿವಲಿಯಲ್ಲೇ ಹುಟ್ಟಿದವಳು ನಾನು. ಮನೆಯಲ್ಲಿ ತುಳು, ಗಲ್ಲಿಯಲ್ಲಿ ಮರಾಠಿ, ಕನ್ನಡ ಏನಿದ್ದರೂ ಶಾಲೆಯಲ್ಲಿ. ನನ್ನ ಆ ಪುಸ್ತಕದ ಕನ್ನಡದಲ್ಲಿ ಮದುವೆ ಜರುಗುತ್ತಿತ್ತು, ಸಂಘದ ಮಹಾಸಭೆ ಜರುಗುತ್ತಿತ್ತು, ತಪ್ಪು ಮಾಡಿದವರ ಮೇಲೆ ಸರಕಾರ ಕ್ರಮ ಜರುಗಿಸುತ್ತಿತ್ತು. ಮನುಷ್ಯರೂ ಜರುಗುತ್ತಾರೆಂದು ತಿಳಿದದ್ದು ಮದುವೆಯಾದ ಮೇಲೆ, ಅದೂ ಲೋಕಲ್ ಟ್ರೈನಿನಲ್ಲಿ.

ಮಾವನವರದು ಮೂಲ ವಿಜಯಪುರದ ಕಡೆ, ದುಡಿಮೆ ಮಾತ್ರ ಠಾಣೆಯ ಕಾರ್ಖಾನೆಯಲ್ಲಿ. ಮದುವೆ ಮುಗಿಸಿ ಅವರ ಊರಿನಿಂದ ಬಂದು ಕಲ್ಯಾಣದಲ್ಲಿ ಇಳಿದು ಲೋಕಲ್ ಹತ್ತಿದೆವು. ಕಾಲಿಡಲು ಜಾಗವಿರಲಿಲ್ಲ. ಮೂವರು ಕೂತಿದ್ದ ಬೆಂಚಿನ ಎದುರು ನಿಂತು ಮಾವನವರು ಕೈಯನ್ನು ಒಂದಿಷ್ಟು ಆಡಿಸಿದರು: "ಜರಗ್ರಿ ಸ್ವಲ್ಪ, ನಮ್ಮ ಸೊಸಿ ಕುಂದರ್ಲಿ." ಆ ಮೂವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಜರುಗಿದರು. ಲೋಕಲಿನ ಧರ್ಮವೇ ಅದು, ಮೂವರ ಸೀಟಿನಲ್ಲಿ ನಾಲ್ಕನೆಯವರಿಗೂ ಅಂಚು ಉಂಟು. ನಾನು ಕೂತೆ, ಅವರು ಎರಡೂ ಕೈಯಲ್ಲಿ ಬ್ಯಾಗು ಹಿಡಿದು ನಿಂತೇ ಬಂದರು.

ಈಗ ನನ್ನದು ಮಹಾಪೆಯ ಒಂದು ಕಂಪನಿಗೆ ಮೊಬೈಲಿನ ಆ್ಯಪ್‌ಗಳ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸ. ವಾರದ ಹೆಚ್ಚಿನ ದಿನ ಮನೆಯಿಂದಲೇ. ಕೆಲವು ತಿಂಗಳ ಹಿಂದೆ ಪರದೆಯ ಮೇಲಿನ ಚಿತ್ರವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳುವುದಕ್ಕೆ ಒಳ್ಳೆಯ ಪದ ಬೇಕಿತ್ತು. ನಿಘಂಟು ತೆರೆದೆ. ಪಕ್ಕಕ್ಕೆ ಸರಿಯುವುದೂ ಜರುಗು, ನಡೆಯುವುದೂ ಜರುಗು, ಹೇಗೋ ದಿನ ಸಾಗುವುದೂ ಜರುಗು. ತೆಲುಗಿನವರಲ್ಲೂ ಇದೇ ಮಾತಿದೆ, ಇವೇ ಅರ್ಥಗಳಿವೆ. ಜಾರು ಎಂಬುದು ಇದರ ಒಡಹುಟ್ಟು ಇರಬಹುದು; ಅದು ನನ್ನ ಊಹೆ, ಪಂಡಿತರು ಬೈಯಬಾರದು. ಇಷ್ಟೆಲ್ಲ ಸಂಭ್ರಮದಿಂದ ಬರೆದುಕೊಳ್ಳುವಾಗ ನನ್ನ ಮೇಜು ಯಾರ ಜಾಗದಲ್ಲಿದೆ ಎಂದು ನೆನಪಾಯಿತು. ಪೆನ್ನು ಕೆಳಗಿಟ್ಟೆ.

ಹಾಲಿನ ಕಿಟಕಿಯ ಪಕ್ಕದ ಆ ಜಾಗದಲ್ಲಿ ಮೊದಲು ಮಾವನವರ ಮಂಚವಿತ್ತು. ನಮ್ಮದು ಪುಟ್ಟ ಮನೆ. ಮೇಜು ಬಂದಾಗ ನಾನೇ ಹೇಳಿದ್ದು, "ಮಾವ, ಮಂಚ ಸ್ವಲ್ಪ ಆಚೆ ಜರುಗಿಸೋಣವೇ?" ಅವರ ಮಾತನ್ನೇ ಅವರಿಗೆ ಹೇಳುತ್ತಿದ್ದೇನೆಂಬ ಜಂಬ ಬೇರೆ. "ಅದಕ್ಕೇನವ್ವಾ" ಎಂದು ಅವರೇ ಒಂದು ತುದಿ ಹಿಡಿದರು. ಆಮೇಲೆ ಸೋಫಾ ಬಂತು. ಆಮೇಲೆ ದೊಡ್ಡ ಫ್ರಿಜ್ಜು. ಪ್ರತಿ ಸಲವೂ ನನ್ನ ಗಂಡ ಟೇಪು ಹಿಡಿದು ಅಳೆದರು, ನಾನು ಹೇಳಿದೆ, ಮಾವನವರು ಎತ್ತಿದರು. ಮಂಚ ಜರುಗುತ್ತ ಜರುಗುತ್ತ ಕೊನೆಗೆ ಗಾಜು ಹಾಕಿಸಿದ ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಹೋಗಿ ನಿಂತಿತು. ಬೇಸಿಗೆಯಲ್ಲಿ ಅಲ್ಲಿ ಹಪ್ಪಳ ಒಣಗಿಸಬಹುದು. ಅವರು ಮಾತ್ರ "ಗಾಳಿ ಚಲೋ ಬರ್ತದ" ಎಂದರು, ನಾನು ನಂಬಿದೆ. ನಂಬುವುದು ಅನುಕೂಲವಾಗಿತ್ತು. ಯಾರಾದರೂ ಕೇಳಿದರೆ ಹೇಗೋ ಹಾಗೆ ಆಗಿಹೋಯಿತು ಎನ್ನುತ್ತಿದ್ದೆ, ಮಂಚಕ್ಕೆ ತಾನೇ ನಡೆಯಲು ಬರುತ್ತದೆ ಎಂಬಂತೆ.

ಹೋದ ತಿಂಗಳು ಅವರ ಕಣ್ಣು ತೋರಿಸಲು ಠಾಣೆಯ ನೌಪಾಡಾಕ್ಕೆ ಹೊರಟೆವು. ಮಧ್ಯಾಹ್ನದ ಸ್ಲೋ ಲೋಕಲ್, ಡಬ್ಬಿ ಅರ್ಧ ಖಾಲಿ. ನನ್ನನ್ನು ಕಿಟಕಿಗೆ ಕೂರಿಸಿ ಅವರು ಅದೇ ಬೆಂಚಿನ ಆಚೆ ತುದಿಯಲ್ಲಿ, ನಾಲ್ಕನೆಯವರ ಅಂಚಿನಲ್ಲಿ ಕೂತರು. ಒಂದು ಕಾಲು ದಾರಿಗೆ ಚಾಚಿಕೊಂಡಿತ್ತು. ನಮ್ಮ ನಡುವೆ ಇಬ್ಬರು ಕೂರುವ ಜಾಗ ಸುಮ್ಮನೆ ಬಿದ್ದಿತ್ತು.

"ಒಳಗೆ ಬನ್ನಿ ಮಾವ, ಯಾರೂ ಇಲ್ಲವಲ್ಲ."

"ಇರ್ಲಿ ಬಿಡವ್ವಾ. ಯಾರರೆ ಬಂದ್ರ ಮತ್ತ ಎದ್ದು ಜರಗಬೇಕಾಗ್ತದ. ಮೊದ್ಲ ಇಲ್ಲೇ ಕುಂತ್ರ ಆತು."

ಠಾಣೆಯವರೆಗೂ ಯಾರೂ ಬಂದು ಕೂರಲಿಲ್ಲ. ಇಷ್ಟು ವರ್ಷ ಠಾಣೆಯ ಕಾರ್ಖಾನೆಗೆ ಹೀಗೇ ಓಡಾಡಿದವರು, ಇದು ಲೋಕಲಿನ ರೂಢಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಗಲಿಲ್ಲ. ಈ ರೂಢಿಯನ್ನು ಅವರಿಗೆ ಮನೆಯಲ್ಲೂ ಮಾಡಿಸಿದವಳು ನಾನು. ಮುಂಬ್ರಾದ ಗುಡ್ಡ ನೋಡುವವಳಂತೆ ಮುಖ ತಿರುಗಿಸಿದೆ.

ಮುಂದಿನ ಭಾನುವಾರ ಗಂಡನ ಕೈಯಿಂದ ಟೇಪು ಕಿತ್ತಿಟ್ಟು ಮಂಚವನ್ನು ಮತ್ತೆ ಹಾಲಿನ ಕಿಟಕಿಗೆ ತಂದೆವು. ಮೇಜು ಗ್ಯಾಲರಿಗೆ ಹೋಯಿತು. ಮಾವನವರು ಅಭ್ಯಾಸದಂತೆ ತುದಿ ಹಿಡಿಯಲು ಬಂದರು.

"ಯಾಕವ್ವಾ, ಯಾರರೆ ಬರಾಕತ್ತಾರೇನು? ಅವ್ರು ಗ್ಯಾಲರಿಯೊಳಗ ಮಲಗ್ತಾರೇನು?"

"ಯಾರೂ ಬರೋದಿಲ್ಲ ಮಾವ. ಇದು ನಿಮ್ಮ ಜಾಗ."

ಅವರು ನಕ್ಕು ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ.

ಇದನ್ನು ಗ್ಯಾಲರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆವರು ಇಳಿಯುತ್ತಿದೆ, ಬಿಸಿಲು ನೇರ ಪರದೆಗೆ ಹೊಡೆಯುತ್ತಿದೆ. ಗಾಜಿನಾಚೆ ಅವರು ಊಟ ಮುಗಿಸಿ ಮಲಗಿದ್ದಾರೆ, ಮಂಚದ ಈ ಅಂಚಿಗೆ, ಒಂದು ಕೈ ಕೆಳಗೆ ಇಳಿಬಿದ್ದು. ಗೋಡೆಯ ಕಡೆ ಇನ್ನೊಬ್ಬರು ಮಲಗುವಷ್ಟು ಜಾಗ ಬಿಟ್ಟಿದ್ದಾರೆ. ಮಗ್ಗುಲು ಬದಲಿಸಿದರೆ ಬೀಳುತ್ತಾರೆ. ಎದ್ದು ಹೋಗಿ ಆ ಕಡೆ ಜರುಗಿ ಮಾವ ಎನ್ನಬೇಕು. ಅವರಿಗೆ ಇನ್ನೊಮ್ಮೆ ಆ ಮಾತು ಹೇಳಲು ನನಗೆ ಬಾಯಿ ಬರುತ್ತಿಲ್ಲ.