ಲಿಯೊಕಾದಿಯಾಳ ಕಿವಿ

ಬೆಳಗ್ಗೆ ಎದ್ದು ಶಿಲುಬೆಯ ಗುರುತು ಮಾಡಿಕೊಂಡ ಮೇಲೆ, ಕುಲುಮೆಗೆ ಬೆಂಕಿ ಹಾಕುವ ಮೊದಲು, ಲಿಯೊಕಾದಿಯಾ ಎಂದೂ ತಪ್ಪಿಸದ ಒಂದು ಕೆಲಸವಿತ್ತು. ಅಜ್ಜನ ಜೇಬುಗಡಿಯಾರವನ್ನು ಹಿತ್ತಲ ಬಾಗಿಲಿನ ಮೊಳೆಗೆ ತೂಗುಹಾಕಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುವುದು. ಆರನೆಯ ಕಲ್ಲುಚಪ್ಪಡಿಯ ತನಕ ಟಿಕ್‌ಟಿಕ್ ಕೇಳಬೇಕು. ಕೇಳಿದರೆ, "ದೇವರೇ, ಇವತ್ತೂ ಕೊಟ್ಟೆಯಲ್ಲ" ಎಂದು ಗಡಿಯಾರ ಎತ್ತಿಡುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಅದೇ ಚಪ್ಪಡಿ.

ಅವರದು ಕುರಿಗಳ ಕೊರಳಗಂಟೆ ಮಾಡುವ ಬೀದಿ. ಕಬ್ಬಿಣದ ತಗಡನ್ನು ಬಡಿದು ಮಡಿಸಿ, ಹಿತ್ತಾಳೆಯ ಚೂರು ಸೇರಿಸಿ, ಮಣ್ಣು ಮೆತ್ತಿ ಸುಟ್ಟು, ಕೊನೆಗೆ ಸಣ್ಣ ಸುತ್ತಿಗೆಯಲ್ಲಿ ಬಾಯಂಚನ್ನು ತಟ್ಟಿ ತಟ್ಟಿ ನಾದ ಕೂಡಿಸಬೇಕು. ಹಗಲೆಲ್ಲ ಬಡಿತವೇ ಬಡಿತ. ಐವತ್ತು ದಾಟಿಯೂ ಕಿವುಡನಾಗದವನು ಮೈಗಳ್ಳನೇ ಇರಬೇಕೆಂದು ಬೀದಿಯವರ ನಂಬಿಕೆ. ಲಿಯೊಕಾದಿಯಾಳ ಅಪ್ಪ ಬೆಲ್ಮೀರು ಮೇಸ್ತ್ರಿ ತನ್ನ ಕಿವುಡನ್ನು ಪದಕದಂತೆ ಹೊತ್ತು ತಿರುಗುತ್ತಿದ್ದ.

ಮಗಳು ಮಾತ್ರ ಮೊದಲ ದಿನದಿಂದಲೂ ಕಿವಿ ಮುಚ್ಚಿಕೊಂಡೇ ಸುತ್ತಿಗೆ ಹಿಡಿದವಳು. ಮೊದಮೊದಲು ಜೇನುಮೇಣದಲ್ಲಿ ಅದ್ದಿದ ಉಣ್ಣೆ, ಆಮೇಲೆ ಪಟ್ಟಣದಿಂದ ತರಿಸಿದ ದಪ್ಪ ಕಿವಿಮುಚ್ಚುಗೆ. ಎದುರುಮನೆಯ ತಿಬೂರ್ಸಿಯುಗೆ ಅದೇ ದಿನನಿತ್ಯದ ತಮಾಷೆ.

"ಏನಮ್ಮಾ, ಕುರಿಗೆ ಗಂಟೆ ಮಾಡ್ತೀಯೋ, ಕಿವಿಗೆ ಉಣ್ಣೆ ತುರ್ಕೊಂಡು ನೀನೇ ಕುರಿಯಾಗ್ತೀಯೋ?"

"ಏನಂದ್ರಿ ಮಾಮ?"

"ನೋಡಿದ್ರಾ, ಇವಳಿಗೆ ಕೇಳಿಸೋದೇ ಇಲ್ಲ!"

"ನಂಗೆ ಇದನ್ನ ತೆಗೆದ್ರೆ ಕೇಳ್ಸುತ್ತೆ. ನೀವು ಏನು ತೆಗೀತೀರಿ?"

ಬಡಿಯುವುದು ಅವಳ ಪಾಲು. ನಾದ ಕೂಡಿಸುವುದು ಮಾತ್ರ ಅಪ್ಪನ ಹಕ್ಕು. ಆ ಸಣ್ಣ ಸುತ್ತಿಗೆಯನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕುರಿಹಿಂಡಿನ ಯಜಮಾನ ಕುಸ್ತೋದಿಯು ತಾನು ಕೊಂಡುಹೋಗಿದ್ದ ಹನ್ನೆರಡು ಹೊಸ ಗಂಟೆಗಳನ್ನು ಚೀಲದಲ್ಲಿ ತುಂಬಿಕೊಂಡು ವಾಪಸು ಬಂದ.

"ಬೆಲ್ಮೀರು ಮೇಸ್ತ್ರಿ," ಎಂದು ಗಂಟಲು ಹರಿಯುವಂತೆ ಕೂಗಿದ, "ನಿಮ್ಮ ಹಳೇ ಗಂಟೆಗಳ ಜೊತೆ ಇವು ಕೂಡ್ತಿಲ್ಲ. ಹಿಂಡೊಳಗೆ ಕಿರುಚ್ತಾವೆ!"

"ನಿನ್ನ ಕುರಿಗಳ ಕಿವಿ ಕೆಟ್ಟಿರಬೇಕು ಕಣೋ."

"ಕುರಿಗಳದ್ದಲ್ಲ, ಮೇಸ್ತ್ರಿ."

ಮೇಸ್ತ್ರಿ ಮಗಳ ಕಡೆ ತಿರುಗಿದ. ಇಲ್ಲ ಎಂದುಬಿಡು ಎಂದು ಅವನ ಕಣ್ಣು ಕೇಳುತ್ತಿತ್ತು. ಇಲ್ಲ ಎಂದರೆ ಅಪ್ಪನ ಮನಸ್ಸು ಉಳಿಯುತ್ತದೆ, ಮನೆಯ ಹೆಸರು ಹೋಗುತ್ತದೆ. ಲಿಯೊಕಾದಿಯಾ ತುಟಿಚಲನೆ ಕಾಣುವಂತೆ ಅವನ ಎದುರಿಗೇ ಕುಳಿತಳು.

"ಹೌದಪ್ಪ, ಕಿರುಚ್ತಾವೆ. ಸಣ್ಣ ದನಿ ನಿಂಗೆ ಕೇಳ್ದೆ ವರ್ಷಗಳಾದ್ವು. ನಿನ್ನ ಕಿವಿಗೆ ಮುಟ್ಟೋವರೆಗೂ ತಟ್ತಾ ಹೋಗ್ತೀಯ. ಅಷ್ಟೊತ್ತಿಗೆ ಅದು ಮೀರಿ ಹೋಗಿರುತ್ತೆ."

ಮೇಸ್ತ್ರಿ ಆ ಸಣ್ಣ ಸುತ್ತಿಗೆಯನ್ನು ಅವಳತ್ತ ತಳ್ಳಿದ. "ಹಾಗಾದ್ರೆ ಮಾಡು ನೋಡೋಣ. ಈಗ್ಲೇ."

"ಈಗ ಬೇಡ. ಬೆಳಗ್ಗೆಯಿಂದ ಬೀದಿಯ ಬಡಿತ ಬಿದ್ದು ಕಿವಿ ದಣಿದಿದೆ. ನಾಳೆ, ಯಾರೂ ಸುತ್ತಿಗೆ ಎತ್ತೋ ಮೊದ್ಲು."

ಆ ಸಂಜೆ ಎಂದಿನಂತೆ ಅಪ್ಪನ ಟಿವಿ ಮನೆ ನಡುಗುವಂತೆ ಅರಚುತ್ತಿತ್ತು. ಅವಳು ಬಾಗಿಲು ಮುಚ್ಚಿ, ಅವರೆಕಾಯಿಯ ಬುಟ್ಟಿಯೊಂದಿಗೆ ಹಿತ್ತಲಲ್ಲಿ ಕೂತಳು.

ಮರುದಿನ ಬೀದಿ ಇನ್ನೂ ಮಲಗಿದ್ದಾಗ ಹಳೆಯ ಗಂಟೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಹೊಸವನ್ನು ಒಂದೊಂದಾಗಿ ತಟ್ಟತೊಡಗಿದಳು. ಒಂದು ಏಟು, ನಾದ ಪೂರ್ತಿ ಅಡಗುವವರೆಗೆ ಕಾಯುವುದು, ಮತ್ತೆ ಒಂದು ಏಟು. ಏಳನೆಯ ಗಂಟೆ ಮೊಂಡು ಹಿಡಿಯಿತು. ಅದನ್ನು ಮೂರು ಸಲ ಬದಿಗಿಟ್ಟು ಮೂರು ಸಲ ಎತ್ತಿಕೊಂಡಳು. ಹನ್ನೆರಡೂ ಮುಗಿಯುವಾಗ ಬಿಸಿಲು ಹೊಸ್ತಿಲಿಗೆ ಬಂದಿತ್ತು.

ಕುಸ್ತೋದಿಯು ಹಿಂಡನ್ನೇ ಬೀದಿಗೆ ತಂದಿದ್ದ. ಹನ್ನೆರಡು ಕೊರಳಿಗೆ ಹನ್ನೆರಡು ಗಂಟೆ ಕಟ್ಟಿ ಕುರಿಗಳನ್ನು ಹೊರಡಿಸಿದರು. ಹಳೆಯದು ಯಾವುದು, ಹೊಸದು ಯಾವುದು ಗೊತ್ತಾಗಲಿಲ್ಲ. ಒಂದೇ ಹೊಳೆ ಹರಿದಂತೆ ಹಿಂಡು ಸಾಗಿತು. ಕುಸ್ತೋದಿಯು ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಇನ್ನೂ ಮೂವತ್ತು ಗಂಟೆ ಬೇಕೆಂದ. ಮೇಸ್ತ್ರಿಗೆ ಕೇಳಿಸಿದ್ದು ಅಷ್ಟಕ್ಕಷ್ಟೆ. ಆದರೆ ಕುಸ್ತೋದಿಯುವಿನ ಮುಖ ಅವನಿಗೆ ಕಂಡಿತು.

"ಸುತ್ತಿಗೆ ನಿನ್ನ ಹತ್ರಾನೇ ಇರ್ಲಿ," ಎಂದ ಮಗಳಿಗೆ. ಆಮೇಲೆ ಬೀದಿಗೆಲ್ಲ ಕೇಳುವಂತೆ, "ನಮ್ಮ ಮನೇಲಿ ಒಂದು ಜೊತೆ ಕಿವಿ ಉಳ್ಕೊಂಡಿದೆ ಕಣ್ರೋ! ನಿಮ್ಮ ಮನೇಲಿ ಇದ್ಯಾ?"

ಆ ವರ್ಷ ಊರಹಬ್ಬದ ಹಿರೇತನ ಕುಸ್ತೋದಿಯುದೇ. ಅವನು ಲಿಯೊಕಾದಿಯಾಳ ಕೈ ಹಿಡಿದು ಹೇಳಿದ: "ಮೇಸ್ತ್ರಿಯಮ್ಮಾ, ಹಬ್ಬದ ಮೊದಲ ಸಿಡಿಮದ್ದಿಗೆ ನೀವೇ ಬೆಂಕಿ ಕೊಡ್ಬೇಕು. ಇದುವರೆಗೂ ಯಾವ ಹೆಣ್ಮಗಳಿಗೂ ಸಿಗದ ಮರ್ಯಾದೆ."

ಮೇಸ್ತ್ರಿಯ ಕಣ್ಣು ಹೊಳೆಯಿತು. ಅವಳಿಗೂ ಒಂದು ಗಳಿಗೆ ಎದೆ ತುಂಬಿ ಬಂತು.

"ದೊಡ್ಡ ಮಾತಂದ್ರಿ, ಕುಸ್ತೋದಿಯು ಅವರೇ. ಆದ್ರೆ ಬೇಡಿ."

"ಒಂದೇ ಒಂದು ಸಿಡಿತ ಅಲ್ವಾ?"

"ಅಷ್ಟು ಹತ್ರದ್ದು ಒಂದೇ ಸಾಕು. ನಿಮ್ಮ ಮಿಕ್ಕ ಮೂವತ್ತು ಗಂಟೆಗೆ ಈ ಕಿವಿ ಬೇಕಲ್ಲ. ಮರ್ಯಾದೆ ಬೇರೆ ಯಾರಿಗಾದ್ರೂ ಕೊಡಿ. ನಾನು ಆಲಿವ್ ತೋಪಿನ ಆಚೆ ನಿಂತು ನೋಡ್ತೀನಿ."