ಹೊಲಿಯದೆ ಬಿಟ್ಟ ಬೆಳ್ಳಿಚಂದ್ರ

ಒಬ್ಬ ತಂದೆ ತನ್ನ ಮಗನಿಗಾಗಿ ಕೊಟ್ಟಿದ್ದ ಬೆಳ್ಳಿನೂಲನ್ನು ನಾನು ಬೇರೆಯವರ ಬ್ಲೌಸಿಗೆ ಹೊಲಿದೆ. ಆಮೇಲೆ ಆ ಮಗನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಆರು ವರ್ಷವಾಯಿತು.

ಆಗ ನಾವು ಸಿಡ್ನಿಯ ಲಿವರ್‌ಪೂಲ್‌ನಲ್ಲಿದ್ದೆವು. ನಾನು ಮನೆಯಲ್ಲೇ ಬ್ಲೌಸ್ ಹೊಲಿದು ಕಸೂತಿ ಹಾಕಿಕೊಡುತ್ತಿದ್ದೆ. ಪಕ್ಕದ ಮನೆಯ ಯೂಅನ್ ಒಂಟಿ ಮುದುಕರು. ಅವರ ಅಜ್ಜ ಸ್ಕಾಟ್ಲೆಂಡಿನಿಂದ ಬಂದವರು. ಒಂದು ದಿನ ಯೂಅನ್ ಒಂದು ಹಾಳೆ ತಂದರು — ತಾವೇ ಪೆನ್ಸಿಲಿನಲ್ಲಿ ಬರೆದ ಗುರಾಣಿ, ಅವರ ಲಾಂಛನ. ತಮ್ಮ ಶವಪೆಟ್ಟಿಗೆಗೆ ಹೊದಿಸುವ ಬಟ್ಟೆಯ ಮೇಲೆ ಅದನ್ನು ಕಸೂತಿ ಮಾಡಿಕೊಡಬೇಕು ಎಂದರು. ಅವರಲ್ಲಿ ಲಾಂಛನ ಮನೆತನದ್ದಲ್ಲವಂತೆ, ಒಬ್ಬೊಬ್ಬರದಂತೆ. ಗುರಾಣಿಯ ನೀಲಿ ಹಿನ್ನೆಲೆ, ಅಜ್ಜ ದಾಟಿದ ಸಮುದ್ರ. ಹಾಯಿ ಇಳಿಸಿದ ಹಡಗು — ಬಂದು ಸೇರಿದ್ದಾಯಿತು ಎಂದು. ಕೆಳಗಿನ ಮುಳ್ಳುಹೂವು ಬಿಟ್ಟುಬಂದ ನಾಡು. ಹಡಗಿನ ಮೇಲೊಂದು ಬಾಲಚಂದ್ರ.

ಲಾಂಛನಗಳಲ್ಲಿ ಬಾಲಚಂದ್ರ ಎರಡನೆಯ ಮಗನ ಗುರುತು. ಅವರ ಎರಡನೆಯ ಮಗ ನೀಲ್ ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿದ್ದ. ತಾಯಿಯ ಅಂತ್ಯಕ್ರಿಯೆಯ ದಿನ ಅಪ್ಪ ಆಡಿದ ಒಂದು ಮಾತಿಗೆ ನೊಂದು ಹೋದವನು ಮತ್ತೆ ಬಂದಿರಲಿಲ್ಲ.

"ನಿಯಮದ ಪ್ರಕಾರ ಇದು ಮಗನ ಗುರಾಣಿಯಲ್ಲಿರಬೇಕು, ಅಪ್ಪನದರಲ್ಲಲ್ಲ. ಆದರೂ ಹಾಕು," ಎಂದರು. "ಚಿಕ್ಕವನಿದ್ದಾಗ ಇದನ್ನೆಲ್ಲ ಅವನಿಗೆ ಕಲಿಸಿದ್ದೇನೆ. ನೋಡಿದರೆ ತಿಳಿದುಕೊಳ್ಳುತ್ತಾನೆ."

ಫೋನ್ ಮಾಡಬಾರದೇ ಎಂದು ಕೇಳಿದೆ. ಫೋನಿನಲ್ಲಿ ತಮ್ಮ ಬಾಯಿ ಮತ್ತೆ ಕೆಡುತ್ತದೆ ಎಂದು ನಕ್ಕರು. ಚಂದ್ರನಿಗೆಂದೇ ಒಂದು ಉಂಡೆ ಬೆಳ್ಳಿನೂಲು ಕೊಟ್ಟುಹೋದರು.

ಹಡಗು ಮುಗಿದಿತ್ತು, ಹೂವೂ ಮುಗಿದಿತ್ತು. ಅಷ್ಟರಲ್ಲಿ ನಮ್ಮವಳೇ ಒಬ್ಬ ಹುಡುಗಿ ಮದುವೆಯ ಬ್ಲೌಸ್ ತಂದಳು. "ಆಂಟಿ, ನಿಮ್ಮ ಸ್ಕಾಟಿಷ್ ಅಜ್ಜ ಎಲ್ಲೂ ಓಡಿಹೋಗಲ್ಲ. ಫಸ್ಟು ನಂದು ಮುಗಿಸ್ಕೊಡಿ." ನಾನೂ ನಕ್ಕೆ. ತೋಳಿನ ಬಳ್ಳಿಗೆ ನನ್ನಲ್ಲಿದ್ದ ನೂಲು ಸಾಲಲಿಲ್ಲ, ಯೂಅನ್ ಕೊಟ್ಟಿದ್ದ ಉಂಡೆ ಬಿಚ್ಚಿದೆ. ಚಂದ್ರನಿಗೆ ಮುಂದಿನ ವಾರ ಬೇರೆ ತಂದರಾಯಿತು ಎಂದುಕೊಂಡೆ —

ಆ ಗುರುವಾರ ಯೂಅನ್ ತೀರಿಕೊಂಡರು.

ಮನೆಯಲ್ಲಿ ಬಿಳಿಯ ನೂಲಿತ್ತು. ಅದರಲ್ಲಾದರೂ ಹೊಲಿಯಬಹುದಿತ್ತು, ಅಂತ್ಯಕ್ರಿಯೆಗೆ ಮೂರು ದಿನ ಸಮಯವೂ ಇತ್ತು. ಹೊಲಿಯಲಿಲ್ಲ. ಖಾಲಿ ಜಾಗ ಯಾರ ಕಣ್ಣಿಗೂ ಬೀಳದು ಎಂದುಕೊಂಡೆ.

ಅಂತ್ಯಕ್ರಿಯೆಗೆ ನೀಲ್ ಬಂದಿದ್ದ. ಬಟ್ಟೆಯ ಮೇಲೆ ಬೆರಳಿಟ್ಟ — ಮುಳ್ಳುಹೂವಿನ ಮೇಲೆ, ಹಡಗಿನ ಮೇಲೆ, ಆಮೇಲೆ ಹಡಗಿನ ಮೇಲಿನ ಬರಿಯ ನೀಲಿಯ ಮೇಲೆ. ಅಲ್ಲಿ ಬೆರಳು ಬಹಳ ಹೊತ್ತು ನಿಂತಿತು. ಹೊಲಿದವಳು ನಾನೆಂದು ತಿಳಿದು ಹತ್ತಿರ ಬಂದ.

"ಅಪ್ಪ ನನ್ನ ಬಗ್ಗೆ ಏನಾದರೂ ಹೇಳಿದ್ದರಾ?"

"ಇಲ್ಲ," ಎಂದೆ. "ಏನೂ ಹೇಳಲಿಲ್ಲ."

ಅವನು ತಲೆಯಾಡಿಸಿದ. ಹಡಗು ಚೆನ್ನಾಗಿದೆ ಎಂದು ಹೇಳಿ, ಥ್ಯಾಂಕ್ಸ್ ಎಂದು ಹೋದ. ಆ ಬಟ್ಟೆ ಶವಪೆಟ್ಟಿಗೆಯೊಡನೆ ಮಣ್ಣು ಸೇರಿತು.

ಈಗ ನಾನಿರುವುದು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ. ವಿಂಡಮ್ ವೇಲ್ ಇಲ್ಲಿಂದ ಅರ್ಧ ಗಂಟೆಯ ದಾರಿಯೂ ಅಲ್ಲ. ಆ ಹಾಳೆ ನನ್ನ ಬಳಿ ಇದೆ. ಅದರ ಹಿಂಬದಿಯಲ್ಲಿ ನೀಲ್‌ನ ವಿಳಾಸ, ಯೂಅನ್ ಅವರ ಕೈಬರಹದಲ್ಲಿ. ಇಷ್ಟನ್ನೂ ಕನ್ನಡದಲ್ಲಿ ಬರೆದೆ — ಅವನಿಗೆ ಓದಲು ಬಾರದು, ಅದಕ್ಕೇ ಇಷ್ಟು ಸಲೀಸಾಗಿ ಬರೆಯಲಾಯಿತು. ಇದೂ ಒಂದು ಬಗೆಯ ಬಚ್ಚಿಟ್ಟುಕೊಳ್ಳುವಿಕೆಯೇ.

ಶನಿವಾರ ಹೋಗುತ್ತೇನೆ. ಹಾಳೆ ಕೊಟ್ಟು ಬಂದುಬಿಡಬಹುದು. ಅಪ್ಪ ಬರೆದ ಚಂದ್ರನನ್ನು ಅವನೇ ಕಾಣುತ್ತಾನೆ. ಆದರೆ ನೂಲು ಎಲ್ಲಿ ಹೋಯಿತು ಎಂಬುದು ಹಾಳೆಯಲ್ಲಿಲ್ಲ. ಅದನ್ನು ಬಾಗಿಲಲ್ಲಿ ನಿಂತು ನಾನೇ ಹೇಳಬೇಕು.