ಗಾದಿ ಬಟ್ಟೆಯ ಹನ್ನೊಂದು ಮಂದಿ

ನನ್ನ ಕಾಲಿಗೂ ಫುಟ್‌ಬಾಲಿಗೂ ಇರುವ ಸಂಬಂಧ ಬಹಳ ಕಡಿಮೆ. ಇಡೀ ಆಯುಷ್ಯದಲ್ಲಿ ಅವೆರಡೂ ಒಮ್ಮೆ ಮಾತ್ರ ಭೇಟಿಯಾಗಿವೆ. ಆಗಲೂ ನಾನು ಮೈದಾನದ ಅಂಚಿನಲ್ಲಿ ಕಡಲೆ ತಿನ್ನುತ್ತ ನಿಂತಿದ್ದೆ. ಚೆಂಡೇ ಹುಡುಕಿಕೊಂಡು ಬಂದು ಬಡಿಯಿತು. ವಾರವಿಡೀ ಕುಂಟಿದೆ. ಹಾಗಿದ್ದೂ ಆ ಆಟದ ಬಗ್ಗೆ ನನ್ನಷ್ಟು ಅಭಿಪ್ರಾಯ ಇಟ್ಟುಕೊಂಡವರು ಭಾಲ್ಕಿಯಲ್ಲಿ ಇನ್ನೊಬ್ಬರೋ ಇಬ್ಬರೋ ಇದ್ದರು. ಆಡುವವನಿಗೆ ಅಭಿಪ್ರಾಯಕ್ಕೆ ಪುರಸೊತ್ತೆಲ್ಲಿ? ಪಾಪ, ಅವನು ಓಡುತ್ತಿರುತ್ತಾನೆ. ನೋಡುವವನಿಗೆ ಕೂತಲ್ಲೇ ಎಲ್ಲವೂ ಹೊಳೆಯುತ್ತದೆ. ಯಾರು ಎಲ್ಲಿ ನಿಲ್ಲಬೇಕಿತ್ತು, ಯಾರು ಯಾರಿಗೆ ಚೆಂಡು ಕೊಡಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಯಾರು ಯಾವ ಬಣ್ಣದ ಅಂಗಿ ತೊಡಬೇಕಿತ್ತು.

ಇದು ನಿಜಾಮ ಸರಕಾರದ ಕಾಲದ ಮಾತು. ನಾನು ಆಗ ಭಾಲ್ಕಿಯ ಸಾಲೆಯಲ್ಲಿ ಮಾಸ್ತರ. ಹಗಲೆಲ್ಲ ಉರ್ದುವಿನಲ್ಲಿ ಲೆಕ್ಕ ಹೇಳಿಕೊಟ್ಟು, ಸಂಜೆ ಕನ್ನಡದಲ್ಲಿ ವಾದ ಮಾಡಲು ಖಾಜಾಮಿಯಾನ ಅಂಗಡಿ ಕಟ್ಟೆಗೆ ಹೋಗುತ್ತಿದ್ದೆ. ಖಾಜಾಮಿಯಾ ದರ್ಜಿ. ಅವನ ಹೊಲಿಗೆ ಹೇಗಿತ್ತೆಂದು ಹೇಳಿದರೆ ಸ್ನೇಹಕ್ಕೆ ದ್ರೋಹವಾಗುತ್ತದೆ, ಬಿಡಿ. ಆದರೆ ಫುಟ್‌ಬಾಲಿನ ವಿಷಯದಲ್ಲಿ ಅವನ ನೆನಪು ಭಯಂಕರ. ಯಾವ ಪಂದ್ಯದಲ್ಲಿ ಯಾರು ಗೋಲು ಹೊಡೆದರು, ಆಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಯಾವ ಬೀದರದವನು ಚೆಂಡು ಬಿಟ್ಟು ಮನುಷ್ಯನನ್ನೇ ಒದ್ದ, ಎಲ್ಲ ಹೇಳುತ್ತಿದ್ದ. ನಾನು ಅದೆಲ್ಲವನ್ನೂ ಅಲ್ಲಗಳೆಯುತ್ತಿದ್ದೆ. ಹೀಗೆ ನಮ್ಮ ಸ್ನೇಹ ಬಲವಾಗಿ ಬೆಳೆಯಿತು.

ದಾಖಲೆಗಳ ವಿಷಯ ಬಂದಾಗಲಂತೂ ಕಟ್ಟೆ ಕಾದು ಹೋಗುತ್ತಿತ್ತು. ಬೀದರದ ತಂಡ ಮೂರು ವರ್ಷದಿಂದ ಸೋತಿಲ್ಲ ಎಂದು ಆ ಊರಿನವರು ಎದೆಯುಬ್ಬಿಸಿ ತಿರುಗುತ್ತಿದ್ದರು. ಮೂರು ವರ್ಷ ಸರಿ, ಆದರೆ ಯಾರ ವರ್ಷ? ನಮ್ಮ ಸೀಮೆಯಲ್ಲಿ ವರ್ಷಕ್ಕೇನು ಬರವೇ? ಕಚೇರಿಗೆ ಫಸಲಿ, ಮಸೀದಿಗೆ ಹಿಜರಿ, ಅಂಚೆಗೆ ಇಂಗ್ಲಿಷು, ಮನೆಗೆ ಯುಗಾದಿ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ಸ್ವಲ್ಪ ಬೇಗ ಮುಗಿಯುತ್ತದೆ. ಹಾಗಾಗಿ ಹಿಜರಿಯಲ್ಲಿ ಬೀದರದ ಮೂರು ವರ್ಷ ತುಂಬಿತ್ತು. ಯುಗಾದಿಯ ಲೆಕ್ಕದಲ್ಲಿ ಇನ್ನೂ ಒಂದು ತಿಂಗಳು ಕೊರತೆ. ಒಂದು ಸಂತೆಯ ದಿನ ಹಣೆ ತುಂಬ ವಿಭೂತಿ ಧರಿಸಿದ ಬೀದರದ ಬೆಲ್ಲದ ವ್ಯಾಪಾರಿಯೊಬ್ಬರು ಹಿಜರಿಯೇ ಸರಿಯಾದ ಲೆಕ್ಕ ಎಂದು ನಮ್ಮ ಕಟ್ಟೆಯ ಮುಂದೆ ನಿಂತು ಪಟ್ಟು ಹಿಡಿದರು. ಒಂದು ಹೊತ್ತಿನ ನಮಾಜೂ ತಪ್ಪಿಸದ ನಮ್ಮ ಖಾಜಾಮಿಯಾ ಕತ್ತರಿ ಕೆಳಗಿಟ್ಟು, "ಅದೆಲ್ಲಾ ನಡಿಯಲ್ಲರಿ, ಯುಗಾದಿ ಅಂದ್ರ ಯುಗಾದಿ. ಬೇವು ಬೆಲ್ಲ ತಿಂದ ಮ್ಯಾಲೇ ವರ್ಷ" ಎಂದು ಎದ್ದು ನಿಂತ. ಊರಿನ ಮೇಲಿನ ಅಭಿಮಾನ ಮನುಷ್ಯನಿಂದ ಎಂತೆಂಥ ಪಂಚಾಂಗ ಓದಿಸುತ್ತದೆ ನೋಡಿ!

ವರ್ಷವೂ ತಮ್ಮ ಊರಿನಲ್ಲಿ ನಮ್ಮ ತಂಡದೊಂದಿಗೆ ಪಂದ್ಯ ನಡೆಸುತ್ತಿದ್ದ ಈ ಬೀದರದವರೇ ಆ ವರ್ಷ ಹೊಸದೊಂದು ನಿಯಮ ತಂದರು. ಹನ್ನೊಂದು ಮಂದಿಗೂ ಒಂದೇ ನಮೂನೆಯ ಉಡುಪು ಇರಬೇಕು, ಇಲ್ಲದ ತಂಡಕ್ಕೆ ಮೈದಾನದಲ್ಲಿ ಜಾಗವಿಲ್ಲ. ಅಲ್ಲಿಯವರೆಗೆ ನಮ್ಮವರು ಧೋತರ ಎತ್ತಿ ಕಟ್ಟಿದವರು ಕೆಲವರು, ಪೈಜಾಮ ಮಡಚಿದವರು ಕೆಲವರು, ಹೀಗೆ ಅವರವರ ಮನೆಯ ಬಟ್ಟೆಯಲ್ಲೇ ಆಡುತ್ತಿದ್ದರು. ನಿಯಮದ ಸುದ್ದಿ ಬಂದ ಸಂಜೆ ಕಟ್ಟೆಯ ಮೇಲೆ ನಿಲ್ಲಲೂ ಜಾಗವಿರಲಿಲ್ಲ. ಆಟದ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇರುವುದಿಲ್ಲ. ಬಣ್ಣದ ಬಗ್ಗೆ ಇರದ ಮನುಷ್ಯನೇ ಇಲ್ಲ ಎಂದು ನನಗೆ ಅಂದು ತಿಳಿಯಿತು.

ಹಸಿರು ಎಂದಾಗ ಅರ್ಧ ಕಟ್ಟೆ ಅರಳಿ ಅರ್ಧ ಮುದುಡಿತು. ಕಾವಿ ಎಂದಾಗ ಅರಳಿದ್ದು ಮುದುಡಿ ಮುದುಡಿದ್ದು ಅರಳಿತು. ಆಮೇಲೆ ಮಠದ ಕಡೆಯ ಹಿರಿಯರೊಬ್ಬರು, ಸ್ವಾಮಿಗಳ ಬಣ್ಣ ತೊಟ್ಟು ಒದೆಯುವುದು ಶೋಭಿಸುವುದಿಲ್ಲ ಎಂದು ಅದನ್ನೂ ಮುಗಿಸಿದರು. ಹಳದಿ ಸರಕಾರದ ಬಣ್ಣ. ಅದನ್ನು ತೊಟ್ಟು ಮಣ್ಣಿನಲ್ಲಿ ಹೊರಳಿದರೆ ಯಾವ ಕಾನೂನು ಬಂದು ಹಿಡಿಯುತ್ತದೋ! ಸೋತರಂತೂ ಕೇಳುವುದೇ ಬೇಡ. ಬಿಳಿ ಎಂದರೆ ಖಾದಿಯ ಅನುಮಾನ. ಹನ್ನೊಂದು ಮಂದಿ ಬಿಳಿ ತೊಟ್ಟು ಒಂದೆಡೆ ಸೇರಿದರೆ ಪೊಲೀಸ್ ಅಮೀನರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಕಪ್ಪು ಅಪಶಕುನ. ಕೆಂಪಿಗೆ ಯಾವ ಧರ್ಮದ ಅಡ್ಡಿಯೂ ಇರಲಿಲ್ಲ, ಆದರೆ ನಮ್ಮ ಮೈದಾನದಲ್ಲಿ ದೇವರ ಗೂಳಿ ಮೇಯುತ್ತಿತ್ತು. ನಾನು ಆಕಾಶನೀಲಿ ಎಂದೆ, ಆಕಾಶ ಯಾರೊಬ್ಬರದೂ ಅಲ್ಲ ಎಂದು ಸಣ್ಣ ಭಾಷಣವನ್ನೂ ಮಾಡಿದೆ. ಖಾಜಾಮಿಯಾ ಕೇಳಿದ, "ಮಾಸ್ತರ್, ಒಂದ ಸಲ ಒಗದ್ರ ನಿಮ್ಮ ಆಕಾಶ ಹೋಗ್ತದ. ಆಮ್ಯಾಲ ಏನ್ ತೊಡೂದು?" ಆಕಾಶವೂ ಹೋಯಿತು.

ಬಣ್ಣಕ್ಕಿಂತ ದೊಡ್ಡ ತೊಡಕು ಕಟ್ಟೆಯ ಎದುರಿಗೇ ಇತ್ತು. ಅದು ಗುರುಪಾದಪ್ಪ ಶೆಟ್ಟರ ಬಟ್ಟೆ ಅಂಗಡಿ. ನಮ್ಮ ತಂಡದಲ್ಲಿ ಗೋಲು ಹೊಡೆಯಬಲ್ಲವನು ಒಬ್ಬನೇ, ಅವರ ಮಗ ಶಂಕ್ರಪ್ಪ. ಅವನಿಗೆ ಔರಾದಿನ ಹೆಣ್ಣು ಗೊತ್ತಾಗಿತ್ತು. ಮದುವೆಯಾದ ಮೇಲೆ ಠಾಣಾ ಕುಶನೂರಿನಲ್ಲಿ ಹೊಸ ಅಂಗಡಿ ಹಾಕಿಕೊಟ್ಟು ಅವನನ್ನು ಅಲ್ಲಿಯೇ ಕೂರಿಸುವುದೆಂದು ಶೆಟ್ಟರು ನಿಶ್ಚಯಿಸಿದ್ದರು. ಅಂದರೆ ಅವನ ಪಾಲಿಗೆ ಈ ಬೀದರದ ಪಂದ್ಯವೇ ಕೊನೆಯದು. ಇದು ಊರಿಗೆಲ್ಲ ಗೊತ್ತಿತ್ತು. ಅವನ ಮುಖ ನೋಡಿದರೆ ಬೇರೆ ಊರಿನವರಿಗೂ ಗೊತ್ತಾಗುತ್ತಿತ್ತು. ಉಡುಪು ಎಂದರೆ ಚಡ್ಡಿ ಎಂದು ಯಾರೋ ಕಿವಿಗೆ ಹಾಕಿದ್ದರಿಂದ ಶೆಟ್ಟರು ಆ ಕೊನೆಯ ಪಂದ್ಯಕ್ಕೂ ಬೇಡ ಎಂದುಬಿಟ್ಟಿದ್ದರು.

ನಾನೂ ಖಾಜಾಮಿಯಾನೂ ಅಂಗಡಿಗೆ ಹೋದೆವು. ಶಂಕ್ರಪ್ಪ ಹಿಂದೆ ನಿಂತು, ಸುತ್ತಿಟ್ಟಿದ್ದ ಬಟ್ಟೆಯ ಥಾನುಗಳನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಶೆಟ್ಟರು ನಮ್ಮನ್ನು ಕೂರಿಸಿ ನೀರು ಕೊಟ್ಟು, ಮಾತು ಶುರುವಾಗುವ ಮೊದಲೇ ಮುಗಿಸಿದರು.

"ಮಾಸ್ತರ್, ನೀವು ಓದಿದವ್ರು ಅದೀರಿ. ಲಗ್ನ ನಿಶ್ಚೇ ಆದ ಮಗ ಮೊಣಕಾಲ ತೋರಸ್ಕೋತ ಬೀದರದಾಗ ಓಡ್ಯಾಡಿದ್ರ ಔರಾದಿನ ಬೀಗರು ಏನಂದಾರು? ಮಾರಿ ಹ್ಯಾಂಗ ತೋರಸ್ಲಿ?"

"ಸಾವ್ಕಾರ್ರೆ, ಹೊಲದಾಗ ಗಳೇ ಹೊಡಿಯವ್ರದು ಮೊಣಕಾಲ ಕಾಣ್ತದಲ್ರಿ?" ಎಂದ ಖಾಜಾಮಿಯಾ.

"ಖಾಜಾಭಾಯಿ, ಅದು ಕೆಲಸ. ಕೆಲಸದಾಗ ಕಂಡ್ರ ದುಡಿಮಿ ಅಂತಾರ, ಆಟದಾಗ ಕಂಡ್ರ ಮೋಜು ಅಂತಾರ. ಸುಮ್ನಿರ್ರಿ."

ಹಿಂದೆ ಥಾನು ಸುತ್ತುವ ಸದ್ದು ನಿಂತಿತು. ಶೆಟ್ಟರು ತಿರುಗಿ ನೋಡಿದರು. ಮಗ ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಿದ್ದ. ಅದು ಗಾದಿ ಹೊಲಿಯುವ ನೀಲಿ ಬಿಳಿ ಪಟ್ಟೆಯ ದಪ್ಪ ಬಟ್ಟೆ. ಶೆಟ್ಟರು, "ಅದೇ ಅರಿವಿ ಒಯ್ರಿ. ನಾನೇ ಕೊಡ್ತೇನಿ. ಆದ್ರ ಹಿಮ್ಮಡದ ತನಾ ಇರಬೇಕು. ಒಂದ ಬೆರಳ ಮ್ಯಾಲ ಬಂದ್ರೂ ನನ್ನ ಮಗ ಬರಂಗಿಲ್ಲ" ಎಂದರು.

ಗಾದಿ ಬಟ್ಟೆಯ ಅಂಗಿ, ಗಾದಿ ಬಟ್ಟೆಯ ಪೈಜಾಮ! ಬೈಗುಳಕ್ಕೆ ಸಿದ್ಧನಾಗಿಯೇ ಕಟ್ಟೆಗೆ ಸುದ್ದಿ ಒಯ್ದೆ. ವಿಚಿತ್ರವೆಂದರೆ ಕಟ್ಟೆಯ ಮೇಲೆ ಒಬ್ಬರೂ ತಕರಾರು ತೆಗೆಯಲಿಲ್ಲ. ಅದು ಯಾವ ದೇವರ ಬಣ್ಣವೂ ಅಲ್ಲ, ಯಾವ ಸರಕಾರದ್ದೂ ಅಲ್ಲ. ಪ್ರತಿಯೊಬ್ಬರೂ ದಿನವೂ ಅದರ ಮೇಲೆ ಮಲಗಿ ಏಳುವವರು. ಅದನ್ನು ಬೈಯಲು ಯಾರಿಗೆ ಮನಸ್ಸಾದೀತು? ಗೂಳಿಯೂ ಒಮ್ಮೆ ಮೂಸಿ ನೋಡಿ ಸುಮ್ಮನಾಯಿತು. ಊರೆಲ್ಲ ಒಪ್ಪುವ ಬಣ್ಣವೊಂದು ಸಿಗುವುದು ಎಷ್ಟು ಕಷ್ಟವೆಂದು ತಿಳಿದ ಮೇಲೆ ಆ ಪಟ್ಟೆಗಳ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಪಂದ್ಯದ ಹಿಂದಿನ ದಿನವೇ ಬಂಡಿ ಕಟ್ಟಿಕೊಂಡು ಬೀದರಕ್ಕೆ ಹೋದೆವು. ಶೆಟ್ಟರೂ ಬಂದರು. ಆಟ ನೋಡಲಿಕ್ಕಲ್ಲ, ಪೈಜಾಮದ ಕಾವಲಿಗೆ. ಕೋಟೆಯ ಹೊರಗಿನ ಬಯಲಿನಲ್ಲಿ ಜನವೋ ಜನ. ಬೀದರದವರು ಕಪ್ಪು ಅಂಗಿಗೆ ಬೆಳ್ಳನೆಯ ಕಾಲರು ಹಾಕಿಕೊಂಡು ತಮ್ಮೂರಿನ ಬಿದರಿ ಹೂಜಿಗಳ ಹಾಗೆ ಮಿಂಚುತ್ತಿದ್ದರು. ಅಪಶಕುನದ ಚಿಂತೆ ಗೆಲ್ಲುವವರಿಗೆ ಇರುವುದಿಲ್ಲ. ನಮ್ಮ ಹನ್ನೊಂದು ಮಂದಿ ಬಯಲಿಗಿಳಿದಾಗ ಯಾರೋ "ಅರೆ ಗಾದಿವಾಲೋ, ಸೋ ಜಾವೋ!" ಎಂದು ಕೂಗಿದ. ನಗೆಯ ಅಬ್ಬರ ಕೋಟೆಗೆ ಬಡಿದು ವಾಪಸು ಬಂತು. ಮಲಗಿಕೊಳ್ಳಿ ಎಂದು ಅವನು ಹೇಳಿದ್ದನ್ನು ನಮ್ಮವರು ಅಕ್ಷರಶಃ ಪಾಲಿಸಿದರು. ಓಡಲು ಹೋದವರ ಕಾಲಿಗೆಲ್ಲ ಆ ದಪ್ಪ ಪೈಜಾಮ ತೊಡರಿಕೊಳ್ಳುತ್ತಿತ್ತು. ಶಂಕ್ರಪ್ಪ ಚೆಂಡು ಹಿಡಿದು ಹೊರಟಾಗಲೆಲ್ಲ ಮುಗ್ಗರಿಸಿದ. ಎದ್ದು ಧೂಳು ಕೊಡವಿ, ಒಮ್ಮೆ ಅಪ್ಪನ ಕಡೆ ನೋಡಿ, ಮತ್ತೆ ಓಡುತ್ತಿದ್ದ. ಅರ್ಧ ಆಟ ಮುಗಿಯುವಷ್ಟರಲ್ಲಿ ಬೀದರದವರು ಎರಡು ಗೋಲು ಹೊಡೆದಿದ್ದರು.

ನಾನು ಆಟ ನೋಡುವುದನ್ನು ಬಿಟ್ಟು ಶೆಟ್ಟರನ್ನೇ ನೋಡುತ್ತಿದ್ದೆ. ಏಕೆಂದರೆ ಅವರ ಪಕ್ಕದಲ್ಲಿ ಸಾಕ್ಷಾತ್ ಔರಾದಿನ ಬೀಗರು, ವೀರಭದ್ರಪ್ಪನವರು, ಬಂದು ಕೂತಿದ್ದರು. ಯಾವುದೋ ವ್ಯಾಪಾರಕ್ಕೆಂದು ಬೀದರಕ್ಕೆ ಬಂದವರು, ಅಳಿಯನಾಗುವವನು ಆಡುತ್ತಾನೆಂದು ಕೇಳಿ ನೇರ ಬಯಲಿಗೇ ಬಂದುಬಿಟ್ಟಿದ್ದರು. ಶೆಟ್ಟರು ಮೈ ಬಿಗಿದು ಕಂಬದಂತೆ ಕೂತಿದ್ದರು. ಶಂಕ್ರಪ್ಪ ಮತ್ತೊಮ್ಮೆ ಬಿದ್ದದ್ದನ್ನು ನೋಡಿ ವೀರಭದ್ರಪ್ಪನವರಿಗೆ ತಡೆಯಲಾಗಲಿಲ್ಲ.

"ಬೀಗರೆ, ಹುಡುಗ ಸುಮ್ನೆ ಬೀಳ್ಲಕತ್ತಾನ. ಆ ಅರಿವಿ ಯಾಕ್ರಿ ಅಷ್ಟ ಉದ್ದ? ಏನರ ಮಾಡ್ರಿ!"

ಶೆಟ್ಟರು ಅವರ ಮುಖವನ್ನು ಒಮ್ಮೆ ನೋಡಿದರು. ಎದ್ದರು. ಬಿಡುವಿನಲ್ಲಿ ನೀರು ಕುಡಿಯುತ್ತ ನಿಂತಿದ್ದ ಮಗನ ಹತ್ತಿರ ಹೋಗಿ, ರುಮಾಲು ಸರಿಮಾಡಿಕೊಂಡು, ಅಷ್ಟು ಜನರ ಎದುರಿಗೆ ಮಣ್ಣಿನಲ್ಲಿ ಮಂಡಿಯೂರಿ ಕೂತರು. ಬಟ್ಟೆ ವ್ಯಾಪಾರಿಯ ಜೇಬಿನಲ್ಲಿ ಸಣ್ಣ ಕತ್ತರಿ ಇರದ ದಿನ ಉಂಟೇ? ಮೊಣಕಾಲಿನ ಮೇಲೆ ಎರಡು ಬೆರಳು ಇಟ್ಟು ಅಳೆದು, ಅಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿ, ಎರಡೂ ಕೈಯಿಂದ ಹಿಡಿದು ಪರ್ರನೆ ಹರಿದರು. ಆಯುಷ್ಯವೆಲ್ಲ ಗಿರಾಕಿಗಳಿಗೆ ಹರಿದು ಕೊಟ್ಟ ಕೈ. ಒಂದು ನೂಲೂ ಅಡ್ಡ ಹೋಗಲಿಲ್ಲ. ಇನ್ನೊಂದು ಕಾಲಿಗೂ ಹಾಗೆಯೇ ಮಾಡಿದರು. ಶಂಕ್ರಪ್ಪ ನೀರಿನ ತಂಬಿಗೆ ಹಿಡಿದು ಕದಲದೆ ನಿಂತಿದ್ದ. ಉಳಿದವರೂ ಬಂದು ಸಾಲಾಗಿ ನಿಂತರು. ಆಟ ಶುರು ಮಾಡಲು ಸೀಟಿ ಊದಿದಾಗ ಶೆಟ್ಟರು ತಲೆ ಎತ್ತದೆ, "ತಡೀರಿ, ಇನ್ನ ಮೂರ ಮಂದಿ ಉಳದಾರ" ಎಂದು ಗದರಿಸಿದರು. ಸೀಟಿ ಸುಮ್ಮನಾಯಿತು. ನನ್ನ ಕಣ್ಣು ಯಾಕೆ ಮಂಜಾಯಿತೋ! ಆ ಬಯಲಿನ ಧೂಳು ಬಹಳ ಕೆಟ್ಟದ್ದು.

ಆಮೇಲೆ ನಡೆದದ್ದರ ಬಗ್ಗೆ ನನಗೂ ಖಾಜಾಮಿಯಾನಿಗೂ ಎಂದೂ ಒಮ್ಮತ ಬರಲಿಲ್ಲ. ಶಂಕ್ರಪ್ಪನ ಮೊದಲ ಗೋಲು ಗಾಳಿಯ ಸಹಾಯದ್ದು ಎಂದು ಅವನು, ಗಾಳಿಯೇ ಇರಲಿಲ್ಲ ಎಂದು ನಾನು. ಎರಡನೆಯದು ಯಾರ ತಲೆಗೆ ತಾಗಿ ಹೋಯಿತೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಸಮಸಮ ಆದದ್ದು ನಿಜ, ಬೀದರದವರು ಮತ್ತೊಂದು ಹೊಡೆದದ್ದೂ ನಿಜ. ಕೊನೆಗಳಿಗೆಯಲ್ಲಿ ಶಂಕ್ರಪ್ಪನ ಮುಂದೆ ಗೋಲು ಕಾಯುವವನು ಒಬ್ಬನೇ ಇದ್ದ. ಬಯಲೆಲ್ಲ ಎದ್ದು ನಿಂತಿತು. ಅವನು ಹೊಡೆದ ಚೆಂಡು ಕಂಬದ ಪಕ್ಕದಿಂದ ಹೊರಗೆ ಹೋಯಿತು. ನಾವು ಸೋತೆವು. ಬೀದರದ ದಾಖಲೆ ಎಲ್ಲ ಪಂಚಾಂಗಗಳಲ್ಲೂ ಮುಂದುವರಿಯಿತು.

ಹೊರಡುವಾಗ ವೀರಭದ್ರಪ್ಪನವರು ಶೆಟ್ಟರ ಕೈ ಹಿಡಿದು, "ಹುಡುಗನ ಕಾಲ ಗಟ್ಟಿ ಅದಾವರಿ ಬೀಗರೆ" ಎಂದಷ್ಟೇ ಹೇಳಿ ನಕ್ಕರು. ಶೆಟ್ಟರು ನಗಲಿಲ್ಲ. ಬಂಡಿ ಊರು ದಾಟಿ ಜೋಳದ ಹೊಲಗಳ ನಡುವೆ ಬಂದರೂ ಮಾತಿಲ್ಲ. ಶಂಕ್ರಪ್ಪ ಬರಿಯ ಮೊಣಕಾಲುಗಳ ಮೇಲೆ ಟವಲು ಹೊದ್ದು ಕೂತಿದ್ದ. ತನ್ನ ಆಟ ಮುಗಿಯಿತೆಂದು ಅವನು ಲೆಕ್ಕ ಹಾಕುತ್ತಿದ್ದನೆಂದು ನಮಗೆಲ್ಲ ಗೊತ್ತಿತ್ತು.

ಹೊತ್ತು ಇಳಿಯುವಾಗ ಶೆಟ್ಟರು ಬಾಯಿಬಿಟ್ಟರು.

"ಶಂಕ್ರಾ, ಆ ಕಡೀ ಚೆಂಡ ಎಡಗಾಲಿಲೆ ಯಾಕ ಹೊಡದಿ?"

"ಹಂಗ ಬಂತಪ್ಪಾ."

"ಹಂಗ ಬಂತಂದ್ರ? ನಾ ಬಲಗಾಲಿಂದು ಅರಿವಿ ಕತ್ತರಿಸೇನಿ, ಕಾಲ ಕತ್ತರಿಸಿಲ್ಲ. ಬರೂ ವರ್ಷ ಬಲಗಾಲಿಲೆ ಹೊಡಿ."

ಬರುವ ವರ್ಷ! ಬಂಡಿಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶಂಕ್ರಪ್ಪ ಹೊಲದ ಕಡೆ ಮುಖ ತಿರುಗಿಸಿಕೊಂಡ, ಬಹಳ ಹೊತ್ತು ಈ ಕಡೆ ತಿರುಗಲೇ ಇಲ್ಲ. ಸೋತು ಮನೆಗೆ ಹೋಗುವ ದಾರಿಯಲ್ಲಿ ಅಷ್ಟು ಸಂತೋಷ ನಾನು ಪಟ್ಟದ್ದಿಲ್ಲ. ಕಾಲಿಗೆ ಬರದ ಒಂದು ಆಟ ನನಗೆ ಇಷ್ಟೆಲ್ಲ ಕೊಟ್ಟಿತಲ್ಲ ಎಂದು ನೆನೆದಾಗ ಈಗಲೂ ಎರಡೂ ಕೈ ತಾವಾಗಿ ಕೂಡುತ್ತವೆ.

ಖಾಜಾಮಿಯಾನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. "ಸಾವ್ಕಾರ್ರೆ, ಎಡಗಾಲೇ ಬರೋಬರ್ ಇತ್ತರಿ" ಎಂದು ಶುರು ಮಾಡಿದ. ಶೆಟ್ಟರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, "ನಿಮಗೇನ ತಿಳಿತದ ಖಾಜಾಭಾಯಿ, ನಾ ಕಣ್ಣಾರೆ ನೋಡೇನಿ" ಎಂದು ಅವನ ಕಡೆ ತಿರುಗಿ ಕೂತರು. ಹುಟ್ಟಿದಂದಿನಿಂದ ಒಂದೇ ಒಂದು ಆಟ ನೋಡಿದ್ದ ಮನುಷ್ಯ ಭಾಲ್ಕಿ ಮುಟ್ಟುವವರೆಗೂ ವಾದದಲ್ಲಿ ಸೋಲಲಿಲ್ಲ.